ಪಾದ್ರಿ ಬೇಕೆಂದ, ಡಾಕ್ಟರು ಬೇಡವೆಂದರು

ಕೇಳುಗರೇ, ನಮಸ್ಕಾರ.

ಧರ್ಮಕ್ಕೂ ವಿಜ್ಞಾನಕ್ಕೂ ಜಗಳ ಅಂದ ತಕ್ಷಣ ಒಂದು ಚಿತ್ರ ಕಣ್ಣಿಗೆ ಕಟ್ಟುತ್ತದೆ. ಡಾಕ್ಟರು ಮದ್ದು ಹಿಡಿದು ನಿಂತಿದ್ದಾರೆ, ಬಾಗಿಲಿಗೆ ಅಡ್ಡವಾಗಿ ಪುರೋಹಿತರು ನಿಂತಿದ್ದಾರೆ. ಇವತ್ತು ನಾನು ಹೇಳುವ ಕತೆಯಲ್ಲಿ ಇಬ್ಬರೂ ಜಾಗ ಅದಲುಬದಲು ಮಾಡಿಕೊಂಡಿದ್ದಾರೆ.

1721ರ ಏಪ್ರಿಲ್. ಅಮೆರಿಕದ ಬಾಸ್ಟನ್. ಆಗಿನ್ನೂ ಅದು ಬ್ರಿಟಿಷರ ವಸಾಹತು. ಸುಮಾರು 11,000 ಜನರಿದ್ದ ಬಂದರು. ವೆಸ್ಟ್ ಇಂಡೀಸ್ ಕಡೆಯಿಂದ ಬಂದ ಒಂದು ಹಡಗು ಸಿಡುಬನ್ನೂ ಹೊತ್ತು ತಂದಿತು. ಆ ಊರು ಸಿಡುಬು ಕಂಡು 19 ವರ್ಷ ಆಗಿತ್ತು. ಆಮೇಲೆ ಹುಟ್ಟಿದ ಮಕ್ಕಳಿಗೆ ಅದನ್ನು ತಡೆಯುವ ಶಕ್ತಿ ಎಲ್ಲಿಂದ ಬರಬೇಕು?

ಊರಿನ ದೊಡ್ಡ ಪಾದ್ರಿ ಕಾಟನ್ ಮ್ಯಾದರ್. ಪ್ಯೂರಿಟನ್ ಪಂಥದವನು, ತುಂಬಾ ಕಟ್ಟುನಿಟ್ಟು. 1692ರಲ್ಲಿ ಸೇಲಂ ಎಂಬಲ್ಲಿ ಮಾಟ ಮಾಡಿದರೆಂದು ಜನರನ್ನು ನೇಣಿಗೆ ಹಾಕಿದರಲ್ಲ, ಆ ವಿಚಾರಣೆಗಳ ಪರವಾಗಿ ಪುಸ್ತಕ ಬರೆದವನು ಇವನೇ. ಇಂಥವನ ಬಗ್ಗೆ ಒಳ್ಳೇ ಮಾತು ಆಡಲು ನನಗೇ ಸ್ವಲ್ಪ ಮುಜುಗರ.

ಅವನ ಮನೆಯಲ್ಲಿ ಆಫ್ರಿಕಾದಿಂದ ಬಂದ ಒಬ್ಬ ಗುಲಾಮನಿದ್ದ. ಅವನಿಗೆ ಮ್ಯಾದರ್ ಬೈಬಲ್‌ನಿಂದ ತೆಗೆದು ಒನೆಸಿಮಸ್ ಅಂತ ಹೆಸರಿಟ್ಟಿದ್ದ. 'ನಿನಗೆ ಸಿಡುಬು ಆಗಿತ್ತಾ?' ಎಂದು ಒಂದು ದಿನ ಮ್ಯಾದರ್ ಕೇಳಿದ. ಬಂದ ಉತ್ತರ: 'ಹೌದು, ಮತ್ತೆ ಇಲ್ಲ.' ಒನೆಸಿಮಸ್ ತೋಳಿನ ಗುರುತು ತೋರಿಸಿದ. ನಮ್ಮ ಕಡೆ ರೋಗಿಯ ಗುಳ್ಳೆಯ ಕೀವನ್ನು ಗೀರಿದ ಚರ್ಮಕ್ಕೆ ಹಚ್ಚುತ್ತಾರೆ, ಸ್ವಲ್ಪ ಜ್ವರ ಬಂದು ಹೋಗುತ್ತದೆ, ಆಮೇಲೆ ಜನ್ಮದಲ್ಲಿ ಸಿಡುಬು ಬರುವುದಿಲ್ಲ ಅಂದ. ನಮ್ಮ ಹಿರಿಯರು 'ಮೈಲಿ ಹಾಕಿಸೋದು' ಅನ್ನುತ್ತಿದ್ದರಲ್ಲ, ಅದು ಇದರ ತಂಗಿ. ಅದರಲ್ಲಿ ಬಳಸಿದ್ದು ಅಪಾಯ ಕಡಿಮೆಯ ಬೇರೆ ಸೋಂಕು. ಇಲ್ಲಿ ಹಚ್ಚುತ್ತಿದ್ದದ್ದು ನಿಜವಾದ ಸಿಡುಬನ್ನೇ.

ಮ್ಯಾದರ್ ಸುಮ್ನೆ ನಂಬಲಿಲ್ಲ. ಊರಿನ ಬೇರೆ ಆಫ್ರಿಕನ್ನರನ್ನೂ ಕೇಳಿದ. ಎಲ್ಲರದೂ ಅದೇ ಮಾತು. ಟರ್ಕಿಯಲ್ಲೂ ಹೀಗೆ ಮಾಡುತ್ತಾರೆಂದು ಲಂಡನ್ನಿನ ರಾಯಲ್ ಸೊಸೈಟಿಯ ಪತ್ರಿಕೆಯಲ್ಲಿ ಓದಿದ. ರೋಗ ಬಂದಾಗ ಊರಿನ ವೈದ್ಯರಿಗೆಲ್ಲ ಪತ್ರ ಬರೆದ. ಕೈ ಹಾಕಿದವನು ಒಬ್ಬನೇ, ಜಬ್ಡಿಯಲ್ ಬಾಯ್ಲ್‌ಸ್ಟನ್. ಅವನಿಗೆ ಡಿಗ್ರಿ ಇರಲಿಲ್ಲ. ಜೂನ್ 26ರಂದು ಮೊದಲು ಹಾಕಿದ್ದು ತನ್ನ 6 ವರ್ಷದ ಮಗನಿಗೆ, ಜೊತೆಗೆ ಮನೆಯ ಇಬ್ಬರು ಗುಲಾಮರಿಗೆ. ಆ ಇಬ್ಬರನ್ನು ಯಾರಾದರೂ ಕೇಳಿದ್ದರೇ? ಅವರಲ್ಲೊಬ್ಬ ಎರಡೂವರೆ ವರ್ಷದ ಮಗು.

ಊರು ಕೆರಳಿತು. ಮುಂದೆ ನಿಂತವನು ವಿಲಿಯಂ ಡಗ್ಲಸ್, ಬಾಸ್ಟನ್ನಿನಲ್ಲಿ ವೈದ್ಯಕೀಯ ಪದವಿ ಇದ್ದ ಒಬ್ಬನೇ ಡಾಕ್ಟರು. ಅವನ ಅಂಜಿಕೆಯಲ್ಲಿ ಹುರುಳಿತ್ತು. ಕೀವು ಹಾಕಿಸಿಕೊಂಡವರು ಬೇರೆಯವರಿಗೂ ರೋಗ ಅಂಟಿಸಬಹುದು, ಬಾಯ್ಲ್‌ಸ್ಟನ್ ಅವರನ್ನು ಬೇರೆ ಇಟ್ಟಿರಲಿಲ್ಲ. ಅಷ್ಟು ಹೇಳಿ ನಿಲ್ಲಿಸಿದ್ದರೆ ಸರಿಯಿತ್ತು. ಆಫ್ರಿಕನ್ನರ ಮಾತೂ ಒಂದು ಸಾಕ್ಷಿಯಾ ಎಂದು ಗೇಲಿ ಮಾಡಿದ. ಆಮೇಲೆ ದೇವರನ್ನು ಎಳೆದು ತಂದ. ದೇವರ ರಕ್ಷಣೆ ಬಿಟ್ಟು ಮನುಷ್ಯರ ಉಪಾಯ ನಂಬುವುದು ಭಕ್ತಿಯೇ ಎಂದು ಕೇಳಿದ. ಡಾಕ್ಟರ ಈ ಪ್ರಶ್ನೆಗೆ ಉತ್ತರ ಕೊಟ್ಟವರು ಆರು ಜನ ಪಾದ್ರಿಗಳು! ಬೇರೆ ಮದ್ದು ತಗೊಂಡರೆ ದೇವರಿಗೆ ಅವಮಾನ ಅಲ್ಲ ಅಂದ ಮೇಲೆ ಇದು ಹೇಗೆ ಅವಮಾನ ಆದೀತು, ಅಂದರು.

ಎಲ್ಲ ಪಾದ್ರಿಗಳೂ ಹೀಗೇ ಇದ್ದರು ಅಂತಲ್ಲ. ಮರುವರ್ಷವೇ ಲಂಡನ್ನಿನಲ್ಲಿ ಎಡ್ಮಂಡ್ ಮ್ಯಾಸಿ ಎಂಬ ಪಾದ್ರಿ ಇದು ಪಾಪವೆಂದು ಪ್ರವಚನ ಮಾಡಿದ. ರೋಗ ಕೊಡುವವನು ದೇವರು, ನಡುವೆ ನೀವ್ಯಾರು ಎಂಬುದು ಅವನ ವಾದ.

ಮ್ಯಾದರ್‌ಗೂ ಅಳುಕು ಇತ್ತು. ಮಗ ಸ್ಯಾಮ್ಯುಯಲ್ ತನಗೂ ಹಾಕಿಸಿ ಎಂದು ಬೇಡಿದಾಗ ಅಪ್ಪ ಹಿಂದೆಮುಂದೆ ನೋಡಿದ. ಹಾಕಿಸಿ ಮಗ ಸತ್ತರೆ ಊರು ಬಿಡುವುದಿಲ್ಲ. ಹಾಕಿಸದೆ ಸತ್ತರೆ ತಾನೇ ತನ್ನನ್ನು ಕ್ಷಮಿಸಿಕೊಳ್ಳುವುದಿಲ್ಲ. ಕೊನೆಗೆ ಗುಟ್ಟಾಗಿ ಹಾಕಿಸಿದ. ಹುಡುಗನಿಗೆ ಜ್ವರ ಏರಿ ಸಾಯುವ ಹಾಗಾಗಿ, ಉಳಿದುಕೊಂಡ.

ನವೆಂಬರ್ 14ರ ನಸುಕು, 3 ಗಂಟೆ. ಮ್ಯಾದರ್ ಮನೆಯ ಕಿಟಕಿಯಿಂದ ಒಳಗೆ ಬಾಂಬ್ ಬಿತ್ತು. ಅದು ಸಿಡಿಯಲಿಲ್ಲ. ಅದಕ್ಕೊಂದು ಚೀಟಿ ಕಟ್ಟಿತ್ತು: ನಾಯಿ, ನಿನಗೆ ಇದನ್ನೇ ಚುಚ್ಚುತ್ತೇನೆ!

ಚಳಿಗಾಲ ಮುಗಿಯುವ ಹೊತ್ತಿಗೆ ಲೆಕ್ಕ ಸಿಕ್ಕಿತು. ತಾನಾಗಿ ಸಿಡುಬು ಬಂದವರು ಸುಮಾರು 5,900, ಅವರಲ್ಲಿ ಸತ್ತವರು 844. ಏಳು ಜನಕ್ಕೆ ಒಬ್ಬರು. ಬಾಯ್ಲ್‌ಸ್ಟನ್ ಹಾಕಿದ್ದು 240ಕ್ಕೂ ಹೆಚ್ಚು ಜನಕ್ಕೆ, ಸತ್ತವರು 6. ಹೆಚ್ಚುಕಡಿಮೆ ನಲವತ್ತಕ್ಕೆ ಒಬ್ಬರು. ಒಂದು ಮದ್ದು ಕೆಲಸ ಮಾಡುತ್ತದೋ ಇಲ್ಲವೋ ಅಂತ ತಲೆ ಎಣಿಸಿ ನೋಡಿದ್ದು ಆ ಕಾಲಕ್ಕೆ ಬಹಳ ಹೊಸದು. ಮುಂದೆ ಡಗ್ಲಸ್ ಕೂಡ ಈ ಪದ್ಧತಿಯನ್ನು ಒಪ್ಪಿಕೊಂಡ.

ಇನ್ನೊಬ್ಬನನ್ನು ಮರೆತೆ. ಆ ವರ್ಷ ಇದನ್ನು ವಿರೋಧಿಸಿ ಹೊಸ ಪತ್ರಿಕೆ ಶುರು ಮಾಡಿದ್ದು ಜೇಮ್ಸ್ ಫ್ರಾಂಕ್ಲಿನ್ ಎಂಬ ಮುದ್ರಕ. ಅವನ ಅಚ್ಚುಕೂಟದಲ್ಲಿ ಕೆಲಸ ಕಲಿಯುತ್ತಿದ್ದ ತಮ್ಮನಿಗೆ ಆಗ 15 ವರ್ಷ. ಹೆಸರು ಬೆಂಜಮಿನ್. ಹೌದು, ಮಿಂಚಿನ ಗುಟ್ಟು ಹೇಳಿದ ಅದೇ ಫ್ರಾಂಕ್ಲಿನ್. ದೊಡ್ಡವನಾದ ಮೇಲೆ ಅವನು ಈ ಪದ್ಧತಿಯ ಪರವಾದ. ಆದರೂ ಸ್ವಂತ ಮಗನಿಗೆ ಹಾಕಿಸಲು ಹೊತ್ತು ಕೂಡಿಬರಲಿಲ್ಲ. 1736ರಲ್ಲಿ 4 ವರ್ಷದ ಫ್ರಾನ್ಸಿಸ್ ಸಿಡುಬಿನಿಂದ ತೀರಿಕೊಂಡ. ಹಾಕಿಸಿದ್ದರಿಂದಲೇ ಸತ್ತ ಎಂದು ಊರಲ್ಲಿ ಸುದ್ದಿ ಹಬ್ಬಿತು. ಆಗ ಅಪ್ಪ ತನ್ನದೇ ಪತ್ರಿಕೆಯಲ್ಲಿ ಅಚ್ಚು ಹಾಕಿಸಿದ: ಇಲ್ಲ, ಮಗುವಿಗೆ ಹಾಕಿಸಿರಲಿಲ್ಲ, ರೋಗ ತಾನಾಗಿಯೇ ಬಂತು.

ನಮಸ್ಕಾರ.