ರೋಬೋಗೆ ಯಾವ ಗೇರ್‌ಬಾಕ್ಸ್? ಬರೀ ಆರ್‌ಪಿಎಂ ನೋಡಿ ತಗೋಬೇಡಿ ಗುರು

ನಮಸ್ಕಾರ ಎಲ್ರಿಗೂ. ಬೆಂಗಳೂರಿನ ಎಸ್‌ಪಿ ರೋಡ್‌ಗೆ ಹೋಗಿ ಜಾನ್ಸನ್ ಮೋಟರ್ (ಗೇರ್‌ಬಾಕ್ಸ್ ಸಮೇತ ಬರೋ ಡಿಸಿ ಮೋಟರ್) ಕೊಡಿ ಅಂದ್ರೆ ಅಂಗಡಿಯವ್ರು ಕೇಳೋದು ಒಂದೇ, "ಎಷ್ಟು ಆರ್‌ಪಿಎಂ?" ಅಂದ್ರೆ ನಿಮಿಷಕ್ಕೆ ಎಷ್ಟು ಸುತ್ತು ಅಂತ. ಫಸ್ಟ್ ಇಯರ್‌ನಲ್ಲಿ ನಾವು ಜಾಸ್ತಿ ಇದ್ರೆ ಒಳ್ಳೇದಲ್ವಾ ಅಂತ 1000ದ್ದು ನಾಲ್ಕು ತಂದ್ವಿ. ಕಾಲೇಜ್ ಕಾರಿಡಾರ್‌ನಲ್ಲಿ ಬಾಣ ಬಿಟ್ಟಂಗೆ ಓಡ್ತು, ಆದ್ರೆ ರೋಬೋ ಸಾಕರ್ ಮ್ಯಾಚಲ್ಲಿ ಎದುರಿನ ಬಾಟ್‌ನ ತಳ್ಳೋಕೆ ಹೋದ್ರೆ ಚಕ್ರ ಗಪ್ ಅಂತ ನಿಂತ್ಬಿಡ್ತು, ಮೋಟರ್ ಗುಂಯ್ ಅಂತಿದೆ, ನೋಡ್ತಾ ನೋಡ್ತಾ ಮೋಟರ್‌ಗೆ ಕರೆಂಟ್ ಕೊಡೋ ಡ್ರೈವರ್ ಬೋರ್ಡಿಂದ ಹೊಗೆ. ಎಲ್298 ಅದು, ಚಾನೆಲ್‌ಗೆ 2 ಆಂಪ್ಸ್ ತಡ್ಕೊಳ್ಳೋ ಪಾಪದ ಬೋರ್ಡು.

[ಬಿಚ್ಚಿದ ಗೇರ್‌ಬಾಕ್ಸ್ ಕ್ಲೋಸಪ್]

ನೋಡಿ, ಹಿಂದಿರೋ ಮೋಟರ್ 18000 ಆರ್‌ಪಿಎಂ ತಿರುಗುತ್ತೆ ಅಂದ್ಕೊಳಿ. ಚಕ್ರ ಕೂರೋ ಶಾಫ್ಟಲ್ಲಿ 300 ಬೇಕಂದ್ರೆ ಗೇರ್ 60ಕ್ಕೆ 1, 1000 ಬೇಕಂದ್ರೆ 18ಕ್ಕೆ 1. ಮೋಟರ್ ಅದೇ, ಸ್ಪೀಡ್ ಎಷ್ಟು ಬಿಟ್ಕೊಡ್ತೀರೋ ಹೆಚ್ಚುಕಮ್ಮಿ ಅಷ್ಟು ಟಾರ್ಕ್, ಅಂದ್ರೆ ತಿರುಗಿಸೋ ಬಲ, ಸಿಗುತ್ತೆ, ಗೇರ್ ಉಜ್ಜಾಟಕ್ಕೆ ಒಂಚೂರು ಹೋಗುತ್ತೆ ಅಷ್ಟೇ.

ಈಗ ಲೆಕ್ಕ. 10 ಸೆಂಟಿಮೀಟರ್ ಚಕ್ರ ಒಂದು ಸುತ್ತಿಗೆ 31 ಸೆಂಟಿಮೀಟರ್ ಹೋಗುತ್ತೆ, 300 ಆರ್‌ಪಿಎಂ ಅಂದ್ರೆ ಸೆಕೆಂಡಿಗೆ 5 ಸುತ್ತು, ಅಂದ್ರೆ ಒಂದೂವರೆ ಮೀಟರ್. 1000ದ್ದಾದ್ರೆ 5 ಮೀಟರ್ ದಾಟುತ್ತೆ. ಅರೇನಾನೇ 3 ಮೀಟರ್ ಇದ್ರೆ ಆ ಸ್ಪೀಡ್ ಇಟ್ಕೊಂಡು ಏನ್ಮಾಡ್ತೀರಾ? ಪಿಕಪ್ ತಗೊಳೋಷ್ಟ್ರಲ್ಲಿ ಗೋಡೆ ಬಂದಿರುತ್ತೆ.

ಯಾರೂ ಹಾಕದೇ ಇರೋ ಲೆಕ್ಕ ಇನ್ನೊಂದಿದೆ, ನನ್ ಪ್ರಕಾರ ಅಸಲಿ ವಿಷ್ಯ ಇದೇ. ಬಾಟ್ 8 ಕೆಜಿ, ರಬ್ಬರ್ ಚಕ್ರದ ಹಿಡಿತ ತೂಕದ 0.8ರಷ್ಟು ಅಂತ ಇಟ್ಕೊಳ್ಳಿ, ಆಗ ನೆಲ ಕೊಡೋ ಗ್ರಿಪ್ಪೇ 6.4 ಕೆಜಿಯಷ್ಟು. ನಾಲ್ಕು ಚಕ್ರಕ್ಕೆ ಹಂಚಿದ್ರೆ ತಲಾ 1.6, ಅದನ್ನ ಚಕ್ರದ ರೇಡಿಯಸ್ 5 ಸೆಂಟಿಮೀಟರಿಂದ ಗುಣಿಸಿ, 8 ಕೆಜಿ-ಸೆಂಟಿಮೀಟರ್. ನಿಮ್ ಮೋಟರ್‌ನ ಸ್ಟಾಲ್ ಟಾರ್ಕ್ (ತಿರುಗೋಕಾಗ್ದೆ ನಿಂತಾಗ ಕೊಡೋ ಗರಿಷ್ಠ ಬಲ) ಇದಕ್ಕಿಂತ ಕಮ್ಮಿ ಇದ್ರೆ ತಳ್ಳುವಾಗ ಚಕ್ರ ಜಾರೋ ಬದ್ಲು ಮೋಟರ್ ನಿಂತೋಗುತ್ತೆ, ಫುಲ್ ಕರೆಂಟ್ ಎಳ್ಯುತ್ತೆ, ಹೊಗೆ. ಅದರ ಡಬಲ್, 16ರ ಹತ್ರ ಇದ್ರೆ ಚಕ್ರನೇ ಮೊದ್ಲು ಜಾರುತ್ತೆ, ಕರೆಂಟ್ ಅರ್ಧಕ್ಕೇ ನಿಲ್ಲುತ್ತೆ. ಚಕ್ರ ಜಾರಿದ್ರೆ ಬೇಜಾರ್ ಮಾಡ್ಕೋಬೇಡಿ, ಅದು ಪುಕ್ಕಟೆ ಫ್ಯೂಸ್ ಇದ್ದಂಗೆ.

ಪ್ಲಾನೆಟರಿ ಗೇರ್‌ಬಾಕ್ಸ್ (ನಡುವಿನ ಗೇರ್ ಸುತ್ತ ಚಿಕ್ಕ ಗೇರ್‌ಗಳು ತಿರುಗೋದು) ಸಿಕ್ರೆ, ದುಡ್ಡಿದ್ರೆ, ಅದನ್ನೇ ತಗೊಳ್ಳಿ, ಲೋಡ್ ಮೂರ್ನಾಲ್ಕು ಹಲ್ಲಿಗೆ ಹಂಚೋಗುತ್ತೆ. ವರ್ಮ್ ಗೇರ್ (ಸ್ಕ್ರೂ ಥರದ್ದು ಗೇರ್ ತಿರುಗಿಸೋದು) ಚಕ್ರ ಓಡಿಸೋಕೆ ಬೇಡ, ಪವರ್ ತೆಗೆದ ತಕ್ಷಣ ಚಕ್ರ ಲಾಕ್, ಅದೇನಿದ್ರೂ ಕೈ ಎತ್ತೋ ಕೆಲ್ಸಕ್ಕೆ ಸರಿ.

[ಕೈಯಲ್ಲಿ ಶಾಫ್ಟ್ ಹಿಡಿದು ಅಲ್ಲಾಡಿಸೋದು]

ಅಂಗಡೀಲೇ ಹಿಂಗೆ ಅಲ್ಲಾಡಿಸಿ ನೋಡಿ. ಟಿಕ್ ಟಿಕ್ ಅಂತ ಜಾಸ್ತಿ ಆಡಿದ್ರೆ ಬೇರೇದು ಕೇಳಿ, ನಾಚ್ಕೋಬೇಡಿ. ಆಮೇಲೆ ಚಕ್ರನ ಶಾಫ್ಟಿಗೆ ಬಿಗಿ ಮಾಡೋ ಪುಟ್ಟ ಗ್ರಬ್ ಸ್ಕ್ರೂ ಶಾಫ್ಟಿನ ಚಪ್ಪಟೆ ಕಡೆಗೇ ಕೂರ್ಬೇಕು, ದುಂಡಗಿರೋ ಕಡೆ ಟೈಟ್ ಮಾಡಿದ್ರೆ ಸೆಮಿಫೈನಲ್ ಮಧ್ಯೆ ಚಕ್ರ ಒಂದೇ ಉರುಳ್ಕೊಂಡು ಹೋಗುತ್ತೆ, ನಮ್ದು ಹೋಗಿದೆ, ಜಡ್ಜ್ ಕಾಲ ಹತ್ರಾನೇ ಹೋಗಿ ನಿಂತಿತ್ತು.

ನಿಮ್ ಬಾಟ್ ತೂಕ, ಚಕ್ರದ ಸೈಜ್ ಕಮೆಂಟಲ್ಲಿ ಹಾಕಿ, ಲೆಕ್ಕ ನಾನ್ ಮಾಡ್ಕೊಡ್ತೀನಿ.