ಬಾಗಿಲು ಎಳ್ಕೊಂಡು ಬನ್ನಿ

ಕೇಳುಗರಿಗೆ ನಮಸ್ಕಾರ.

ಊರಲ್ಲಿ ನಮ್ಮಮ್ಮ ದಿನಕ್ಕೆ ಹತ್ತು ಸಲ ಹೇಳುತ್ತಿದ್ದ ಮಾತೊಂದಿತ್ತು. ‘ಹೋಗ್ತಾ ಬಾಗಿಲು ಎಳ್ಕೊಂಡು ಹೋಗೇ!’ ನಾಯಿ ಒಳಗೆ ಬರಬಾರದು, ಕೋಳಿ ಬರಬಾರದು. ಅಷ್ಟೇ ಅದರ ಅರ್ಥ. ಮದುವೆಯಾಗಿ ಮುಂಬಯಿಗೆ ಬಂದು ಮೂವತ್ತೈದು ವರ್ಷ ಆದ ಮೇಲೆ, ಮುಲುಂಡಿನ ನಮ್ಮ ಕಟ್ಟಡದ ನಾಲ್ಕನೇ ಮಾಳಿಗೆಯಲ್ಲಿ, ಒಂದು ರಾತ್ರಿ ಮೂರು ಗಂಟೆಗೆ ಆ ಮಾತಿಗೆ ಬೇರೆಯೇ ಅರ್ಥ ಬಂತು.

ಮೊದಲು ಎದ್ದದ್ದು ನಮ್ಮ ಅತ್ತೆ. ಕುಂದಾಪುರದವರು. ವಯಸ್ಸಾದವರಿಗೆ ನಿದ್ದೆ ಕಡಿಮೆ ನೋಡಿ. ‘ಏ ಹೆಣೆ, ಎಂತದೋ ಸುಟ್ಟ ವಾಸ್ನೆ ಕಾಣ್’ ಎಂದು ನನ್ನನ್ನು ಎಬ್ಬಿಸಿದರು. ನಾನು ಅಡುಗೆಮನೆಗೆ ಓಡಿದೆ. ಗ್ಯಾಸು ಬಂದ್ ಆಗಿತ್ತು. ಅಷ್ಟರಲ್ಲಿ ನಮ್ಮ ಯಜಮಾನರು ಹೊರಬಾಗಿಲು ತೆಗೆದರು. ಮೆಟ್ಟಿಲು ಕಾಣಲಿಲ್ಲ. ಟಾರ್ಚ್ ಹಾಕಿದರೆ ಬೆಳಕು ಒಂದು ಮೊಳ ಮುಂದೆ ಹೋಗಲಿಲ್ಲ. ಕಪ್ಪು ಹೊಗೆ, ಪ್ಲಾಸ್ಟಿಕ್ ಸುಟ್ಟ ಖಾರ. ಎರಡು ಉಸಿರಿಗೇ ಇವರು ಕೆಮ್ಮಿ ಕೆಮ್ಮಿ ಗೋಡೆ ಹಿಡಿದುಕೊಂಡರು. ಆದರೂ ‘ಓಡೋಣ, ನಾಲ್ಕೇ ಮಾಳಿಗೆ’ ಅನ್ನುತ್ತಿದ್ದರು. ನಾನು ಅವರ ಬನಿಯನ್ ಹಿಡಿದು ಒಳಗೆಳೆದು ಬಾಗಿಲು ಹಾಕಿದೆ. ಧೈರ್ಯದಿಂದ ಮಾಡಿದ್ದೇನೂ ಅಲ್ಲ. ಮಂಡಿ ನೋವಿನ ಅತ್ತೆಯನ್ನು ಆ ಕತ್ತಲಲ್ಲಿ ಇಳಿಸುವುದು ಹೇಗೆ ಎಂಬ ಹೆದರಿಕೆಯಿಂದ ಮಾಡಿದ್ದು.

ನಮ್ಮಲ್ಲಿ ನಲ್ಲಿ ನೀರು ಬರುವುದು ಬೆಳಗಿನ ಐದಕ್ಕೆ. ಪುಣ್ಯಕ್ಕೆ ಬಚ್ಚಲಲ್ಲಿ ಎರಡು ಬಾಲ್ದಿ ತುಂಬಿತ್ತು. ಮನೆಯಲ್ಲಿದ್ದ ಬೈರಾಸುಗಳನ್ನೆಲ್ಲ ಒದ್ದೆ ಮಾಡಿ ಬಾಗಿಲ ಸಂದಿಗೆ ತುರುಕಿದೆವು. ಅಗ್ನಿಶಾಮಕ ದಳದ 101ಕ್ಕೆ ಫೋನ್ ಮಾಡಿದೆವು. ಕಟ್ಟಡದ ಹೆಸರು, ಯಾವ ವಿಂಗ್, ಎಷ್ಟನೇ ಮಾಳಿಗೆ, ಹತ್ತಿರ ಏನಿದೆ, ಒಳಗೆ ಎಷ್ಟು ಜನ ಇದ್ದೇವೆ, ಇಷ್ಟು ಹೇಳಿದೆವು. ತುರ್ತು ಸಂಖ್ಯೆ 112ಕ್ಕೆ ಮಾಡಿದರೂ ಆಗುತ್ತದೆ. ಆಮೇಲೆ ಹೊಗೆ ಬಾರದ ಕಡೆಯ ಕೋಣೆಗೆ ಹೋಗಿ, ಅದರ ಬಾಗಿಲನ್ನೂ ಹಾಕಿ, ಕಿಟಕಿಯಲ್ಲಿ ಮೊಬೈಲ್ ಬೆಳಕು ಬೀಸುತ್ತಾ ನಿಂತೆವು. ಅತ್ತೆ ನೆಲದ ಮೇಲೆ ಕೂತು ‘ನನ್ನ ಕರಿಮಣಿ ತಿಜೋರಿಯಲ್ಲಿದೆ’ ಎಂದು ಮೂರು ಸಲ ಹೇಳಿದರು. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ಬಂಬ್‌ವಾಲಾಗಳು, ಅಂದರೆ ಅಗ್ನಿಶಾಮಕ ದಳದವರು, ಬಂದು ಬೆಂಕಿ ಆರಿಸಿ ನಮ್ಮನ್ನು ಕೆಳಗಿಳಿಸುವಾಗ ಬೆಳಕು ಹರಿದಿತ್ತು. ಬೆಂಕಿ ಹತ್ತಿದ್ದು ಎರಡನೇ ಮಾಳಿಗೆಯ ಒಂದೇ ಒಂದು ಕೋಣೆಯಲ್ಲಿ. ಮಂಚದ ಹಿಂದೆ ಎಕ್ಸ್‌ಟೆನ್ಶನ್ ಬೋರ್ಡು, ಅದಕ್ಕೆ ಏಸಿಯ ಪಿನ್ನು. ಬೋರ್ಡು ಕರಗಿ ಹಾಸಿಗೆಗೆ ತಾಗಿತ್ತು. ಆ ಮನೆಯವರು ಮಗುವನ್ನು ಎತ್ತಿಕೊಂಡು ಓಡಿ ಹೊರಗೆ ಬಂದರು. ಕೋಣೆಯ ಬಾಗಿಲು, ಮನೆಯ ಬಾಗಿಲು ಎರಡೂ ತೆರೆದೇ ಇದ್ದವು. ಹೊಗೆಗೆ ಮೆಟ್ಟಿಲ ದಾರಿ ಸಿಕ್ಕಿತು. ಅಡುಗೆಮನೆಯ ಚಿಮಣಿಯ ಹಾಗೆ ಅದು ಹೊಗೆಯನ್ನು ಮೇಲಕ್ಕೆ ಎಳೆದುಕೊಂಡಿತು. ಬೆಂಕಿ ಒಂದು ಕೋಣೆಗೆ, ಹೊಗೆ ಏಳು ಮಾಳಿಗೆಗೆ.

ಅವರನ್ನು ಬೈಯಲು ಇದನ್ನು ಹೇಳುತ್ತಿಲ್ಲ. ಮಗುವನ್ನು ಎತ್ತಿಕೊಂಡು ಓಡುವವರಿಗೆ ಬಾಗಿಲು ಎಲ್ಲಿ ನೆನಪಾಗಬೇಕು? ನಾನಾಗಿದ್ದರೂ ಹಾಗೇ ಓಡುತ್ತಿದ್ದೆ. ಅದಕ್ಕೇ ಈ ಒಂದು ವಿಷಯ ಕೈಗೆ ಮೊದಲೇ ಅಭ್ಯಾಸ ಆಗಿರಬೇಕು. ಬೆಂಕಿ ನಿಮ್ಮ ಮನೆಯಲ್ಲಿ ಹತ್ತಿದರೆ ಎಲ್ಲರೂ ಹೊರಗೆ ಬನ್ನಿ, ಬರುತ್ತಾ ಬಾಗಿಲು ಎಳ್ಕೊಳ್ಳಿ. ಬೀಗ ಹಾಕಬೇಡಿ, ಸುಮ್ನೆ ಎಳೆದರೆ ಸಾಕು. ಒಳಗೆ ಗಾಳಿ ಕಡಿಮೆಯಾದರೆ ಬೆಂಕಿಗೆ ಬಲ ಕಡಿಮೆ, ಹೊಗೆಗೂ ತಡೆ. ಬೆಂಕಿ ಬೇರೆಯವರ ಮನೆಯಲ್ಲಿದ್ದು ಮೆಟ್ಟಿಲು ಸ್ವಚ್ಛ ಇದ್ದರೆ ಇಳಿದು ಹೋಗಿ. ಮೆಟ್ಟಿಲಲ್ಲಿ ಹೊಗೆ ತುಂಬಿದ್ದರೆ ಒಳಗೇ ಇರಿ, ಬಾಗಿಲು ಹಾಕಿ. ಬಾಗಿಲು ತೆಗೆಯುವ ಮೊದಲು ಕೈಯ ಹಿಂಭಾಗ ತಾಗಿಸಿ ನೋಡಿ. ಬಿಸಿ ಇದ್ದರೆ ತೆಗೆಯಬೇಡಿ. ಹೊಗೆಯಲ್ಲಿ ಹೋಗಲೇಬೇಕಾಗಿ ಬಂದರೆ ಅಂಬೆಗಾಲಿಡಿ. ಬಿಸಿ ಹೊಗೆ ಮೇಲೆ ನಿಲ್ಲುತ್ತದೆ, ಉಸಿರಾಡುವ ಗಾಳಿ ನೆಲದ ಹತ್ತಿರ ಸ್ವಲ್ಪ ಉಳಿದಿರುತ್ತದೆ. ಲಿಫ್ಟಿನ ಕಡೆ ತಿರುಗಿಯೂ ನೋಡಬೇಡಿ. ಕರೆಂಟು ಹೋಯಿತೋ, ಅದೇ ಪೆಟ್ಟಿಗೆ.

ಹೊಗೆಯ ವಿಷಯ ಇಷ್ಟು ಹೇಳಲು ಕಾರಣ ಇದೆ. ಬೆಂಕಿ ಅಂದರೆ ನಮಗೆ ಜ್ವಾಲೆಯ ಭಯ. ಜ್ವಾಲೆ ತಾಗುವ ಮೊದಲೇ ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡ್ ಎಂಬ ವಿಷಗಾಳಿ ಮಲಗಿದವರನ್ನು ಮಲಗಿದ ಹಾಗೇ ಇಟ್ಟುಬಿಡುತ್ತದೆ. ಅದಕ್ಕೆ ವಾಸನೆಯೂ ಇಲ್ಲ, ಬಣ್ಣವೂ ಇಲ್ಲ. 2023ರ ಅಕ್ಟೋಬರ್‌ನಲ್ಲಿ ಗೋರೆಗಾಂವ್‌ನ ಒಂದು ಕಟ್ಟಡದಲ್ಲಿ ಆದದ್ದು ನೆನಪಿದೆ ಅಲ್ವಾ? ನಸುಕಿನಲ್ಲಿ, ಕೆಳಗೆ ಗಾಡಿಗಳನ್ನು ನಿಲ್ಲಿಸಿದ ಜಾಗದಲ್ಲಿ ಬೆಂಕಿ ಹತ್ತಿತು. ಹೊಗೆ ಮೇಲೇರಿ ಏಳಕ್ಕೂ ಕಡಿಮೆಯಿಲ್ಲದಷ್ಟು ಜನ ಸತ್ತರು. ಹತ್ತಾರು ಮಂದಿ ಆಸ್ಪತ್ರೆ ಸೇರಿದರು. ನಿದ್ದೆಯಲ್ಲಿರುವ ಮೂಗನ್ನು ನಂಬುವ ಹಾಗಿಲ್ಲ. ನಮ್ಮ ಅತ್ತೆಯಂಥವರು ಮನೆಮನೆಯಲ್ಲೂ ಇರುವುದಿಲ್ಲ. ಬ್ಯಾಟರಿಯ ಸ್ಮೋಕ್ ಅಲಾರ್ಮ್ ಒಂದು ತಂದು ಮಲಗುವ ಕೋಣೆಯ ಹೊರಗೆ ಮಾಡಿಗೆ, ಅಂದರೆ ಛಾವಣಿಗೆ, ಹಾಕಿಸಿ. ಅಡುಗೆಮನೆಯಲ್ಲಿ ಬೇಡ. ನಮ್ಮ ಮೆಣಸಿನ ಒಗ್ಗರಣೆಗೆ ಅದು ದಿನಕ್ಕೆರಡು ಸಲ ಕೂಗಿಕೊಳ್ಳುತ್ತದೆ, ಮೂರನೇ ದಿನ ನೀವೇ ಬ್ಯಾಟರಿ ಕಿತ್ತಿಡುತ್ತೀರಿ.

ಅಡುಗೆಮನೆ ಅಂದಾಗ ಬಾಣಲೆ. ಗೋಳಿಬಜೆ ಕರಿಯುವಾಗ ಫೋನ್ ಬಂತು, ನೀವು ಹೊರಗೆ ಹೋದಿರಿ, ಎಣ್ಣೆ ಹೊತ್ತಿಕೊಂಡಿತು. ಕೈ ತಾನಾಗಿ ನೀರಿನ ಚೆಂಬಿಗೆ ಹೋಗುತ್ತದೆ. ಬೇಡ. ಒದ್ದೆ ಕರಿಬೇವಿನ ಎಸಳು ಒಗ್ಗರಣೆಗೆ ಬಿದ್ದರೆ ಹೇಗೆ ಸಿಡಿಯುತ್ತದೆ, ನಿಮಗೆ ಗೊತ್ತು. ಆ ಎಸಳಿನ ಮೇಲಿರುವುದು ನಾಲ್ಕು ಹನಿ ನೀರು. ಒಂದು ಚೆಂಬು ನೀರು ಎಣ್ಣೆಯ ತಳಕ್ಕಿಳಿದು ಆವಿಯಾದರೆ ಸುಮಾರು 1,700 ಪಟ್ಟು ಹಿಗ್ಗುತ್ತದೆ, ಉರಿಯುವ ಎಣ್ಣೆಯನ್ನೆಲ್ಲ ಮೇಲಕ್ಕೆ ಎತ್ತಿ ಎಸೆಯುತ್ತದೆ. ಗ್ಯಾಸ್ ಬಂದ್ ಮಾಡಿ. ದೊಡ್ಡ ಮುಚ್ಚಳವನ್ನೋ ಸ್ಟೀಲಿನ ಹರಿವಾಣವನ್ನೋ ಪಕ್ಕದಿಂದ ಜಾರಿಸಿ ಬಾಣಲೆಯ ಮೇಲೆ ಮುಚ್ಚಿ. ಅದೂ ಬಾಗಿಲು ಎಳ್ಕೊಂಡ ಹಾಗೇ. ಮುಚ್ಚಿದ ಮೇಲೆ ಪೂರ್ತಿ ತಣ್ಣಗಾಗುವವರೆಗೆ ಇಣುಕಬೇಡಿ, ಬಾಣಲೆ ಎತ್ತಿಕೊಂಡು ಮೋರಿಗೆ ಓಡಬೇಡಿ.

ಗ್ಯಾಸ್ ವಾಸನೆ ಬಂದರೆ ಮಾತ್ರ ಲೆಕ್ಕ ತಿರುಗಾಮುರುಗಾ. ಆಗ ಬಾಗಿಲು ಕಿಟಕಿ ಎಲ್ಲ ತೆರೆಯಬೇಕು. ಯಾವ ಸ್ವಿಚ್ಚೂ ಮುಟ್ಟಬಾರದು, ಫ್ಯಾನ್ ಹಾಕುವುದೂ ಬೇಡ, ಆರಿಸುವುದೂ ಬೇಡ. ಸಿಲಿಂಡರಿನ ರೆಗ್ಯುಲೇಟರ್ ಬಂದ್ ಮಾಡಿ ತೆಗೆದು ಮುಚ್ಚಳ ಹಾಕಿ. ಹೊರಗೆ ಬಂದು ಗ್ಯಾಸ್ ಸೋರಿಕೆಯ ತುರ್ತು ಸಂಖ್ಯೆ 1906ಕ್ಕೆ ಫೋನ್ ಮಾಡಿ. ಸಿಲಿಂಡರಿನ ಗ್ಯಾಸು ಗಾಳಿಗಿಂತ ಭಾರ, ನೆಲದಲ್ಲಿ, ಕಟ್ಟೆಯ ಕೆಳಗೆ ಕೂರುತ್ತದೆ. ಪೈಪಿನಲ್ಲಿ ಬರುವ ಗ್ಯಾಸು ಹಗುರ, ಮಾಡಿಗೆ ಏರುತ್ತದೆ. ಪೈಪ್ ಗ್ಯಾಸ್ ಇರುವವರು ಮೀಟರಿನ ಹತ್ತಿರದ ವಾಲ್ವ್ ಎಲ್ಲಿದೆ ಎಂದು ಇವತ್ತೇ ನೋಡಿಕೊಳ್ಳಿ. ನಮ್ಮಲ್ಲಿ ಅದರ ಮುಂದೆ ಅಕ್ಕಿ ಡಬ್ಬ ಇತ್ತು. ಸಿಲಿಂಡರಿನ ರಬ್ಬರ್ ಪೈಪಿನ ಮೇಲೆ ತಾರೀಖು ಇರುತ್ತದೆ, ಐದು ವರ್ಷಕ್ಕೊಮ್ಮೆ ಬದಲಾಯಿಸಬೇಕು.

ವೈರಿಂಗ್ ಬಗ್ಗೆ ಎರಡು ಮಾತು. ಏಸಿ, ಗೀಸರ್, ಫ್ರಿಜ್ ಇವುಗಳನ್ನು ಗೋಡೆಯ ದೊಡ್ಡ ಪಾಯಿಂಟಿಗೇ ಹಾಕಿ, ಎಕ್ಸ್‌ಟೆನ್ಶನ್ ಬೋರ್ಡಿಗೆ ಬೇಡ. ಎಂಸಿಬಿ, ಅಂದರೆ ಕರೆಂಟು ಹೆಚ್ಚಾದರೆ ತಾನೇ ಬೀಳುವ ಸ್ವಿಚ್ಚು, ಪದೇ ಪದೇ ಬೀಳುತ್ತಿದ್ದರೆ ಅದು ಏನೋ ಹೇಳುತ್ತಿದೆ. ಅದರ ಬಾಯಿ ಮುಚ್ಚಿಸಲು ದೊಡ್ಡ ಎಂಸಿಬಿ ಹಾಕಿಸುವುದು ನಮ್ಮ ಊರಿನ ಹಳೇ ಜಾಣತನ, ಹಾಗೆ ಮಾಡಬೇಡಿ. ಎಲೆಕ್ಟ್ರಿಕ್ ಸ್ಕೂಟರಿನ ಬ್ಯಾಟರಿಯನ್ನು ರಾತ್ರಿ ಮನೆಬಾಗಿಲ ಪಕ್ಕದಲ್ಲೇ ಚಾರ್ಜಿಗೆ ಇಟ್ಟು ಮಲಗುವವರಿದ್ದಾರೆ. ಬೆಂಕಿ ಹತ್ತಿದರೆ ಹೊರಗೆ ಹೋಗುವ ದಾರಿಯೇ ಅದು.

ಇನ್ನು ಕಿಟಕಿ. ಮುಂಬಯಿಯ ಕಿಟಕಿ ಅಂದರೆ ಹೊರಗೆ ಚಾಚಿದ ಗ್ರಿಲ್ಲು. ಒಂದಡಿ ಜಾಗ ಹೆಚ್ಚು ಸಿಕ್ಕಿತೆಂದು ತುಳಸಿ ಕುಂಡ, ಉಪ್ಪಿನಕಾಯಿ ಭರಣಿ, ಹಳೇ ಸೂಟ್‌ಕೇಸ್ ಎಲ್ಲ ಅಲ್ಲೇ. ಕಳ್ಳ ಬರುವುದಿಲ್ಲ, ಸರಿ. ನಾವೂ ಹೊರಗೆ ಹೋಗುವುದಿಲ್ಲ. ಆ ರಾತ್ರಿ ನಾನು ಗ್ರಿಲ್ಲಿಗೆ ಮುಖ ಒತ್ತಿ ನಿಂತಾಗ ಜೈಲಿನ ನೆನಪಾಯಿತು. ಆಮೇಲೆ ಒಂದು ಕಿಟಕಿಯ ಗ್ರಿಲ್ಲಿಗೆ ತೆರೆಯುವ ಬಾಗಿಲು ಮಾಡಿಸಿದೆವು. ಕೀಲಿ ಅದರ ಪಕ್ಕದ ಮೊಳೆಯಲ್ಲೇ, ಮಕ್ಕಳ ಕೈಗೆ ಸಿಗದ ಎತ್ತರದಲ್ಲಿ. ಹೊರಬಾಗಿಲಿನ ಜಾಳಿಯ ಕೀಲಿಯೂ ಹಾಗೇ. ಕತ್ತಲಲ್ಲಿ ಕಣ್ಣು ಮುಚ್ಚಿ ಕೈ ಚಾಚಿದರೆ ಸಿಗಬೇಕು. ಬೆಂಕಿ ಆರಿಸುವ ಸಣ್ಣ ಸಿಲಿಂಡರ್ ತಂದರೆ ಅದನ್ನೂ ಬಾಗಿಲ ಹತ್ತಿರವೇ ಇಡಿ. ಪಿನ್ನು ಎಳೆದು, ಜ್ವಾಲೆಯ ಬುಡಕ್ಕೆ ಗುರಿಯಿಟ್ಟು ಒತ್ತಬೇಕು. ಸಣ್ಣದು ಹದಿನೈದು ಸೆಕೆಂಡಿನ ಆಸುಪಾಸಿನಲ್ಲಿ ಖಾಲಿ. ಅಷ್ಟರಲ್ಲಿ ಆರದಿದ್ದರೆ ಶೂರತನ ಬೇಡ, ಹೊರಟುಬಿಡಿ.

ಸುಟ್ಟ ಗಾಯಕ್ಕೆ ಟೂತ್‌ಪೇಸ್ಟ್, ಅರಿಶಿನ, ತುಪ್ಪ, ಐಸು ಯಾವುದೂ ಬೇಡ. ತಣ್ಣೀರು, ಇಪ್ಪತ್ತು ನಿಮಿಷ. ನಲ್ಲಿಯಲ್ಲಿ ನೀರಿಲ್ಲದಿದ್ದರೆ ಬಾಲ್ದಿಯಿಂದ ಚೆಂಬು ಚೆಂಬಾಗಿ ಹೊಯ್ಯುತ್ತಿರಿ. ಬಳೆ, ಉಂಗುರ ಮೊದಲೇ ತೆಗೆಯಿರಿ, ಬಾತ ಮೇಲೆ ತೆಗೆಯಲಾಗದು. ಗುಳ್ಳೆ ಒಡೆಯಬೇಡಿ. ಸ್ವಚ್ಛ ಬಟ್ಟೆ ಸಡಿಲವಾಗಿ ಹೊದೆಸಿ ಆಸ್ಪತ್ರೆಗೆ. ಮೈಮೇಲಿನ ಬಟ್ಟೆ ಹೊತ್ತಿದರೆ ಓಡಬಾರದು. ನೆಲಕ್ಕೆ ಬಿದ್ದು ಉರುಳಬೇಕು.

ಬೆಂಕಿ ಆರಿದ ಮೇಲಿನ ಕಷ್ಟದ ಬಗ್ಗೆ ಯಾರೂ ಜಾಸ್ತಿ ಹೇಳುವುದಿಲ್ಲ. ಬೆಂಕಿ ಹತ್ತಿದ ಎರಡನೇ ಮಾಳಿಗೆಯ ಮನೆಯ ವಹಿನಿಯ (ಮರಾಠಿಯಲ್ಲಿ ಅತ್ತಿಗೆ) ಜೊತೆ ನಾನು ಒಂದು ವಾರ ಇದ್ದೆ. ಮೊದಲು ಫೋಟೊ ತೆಗೆಯಿರಿ, ಆಮೇಲೆ ಗುಡಿಸಿ. ಪೊಲೀಸರ ಪಂಚನಾಮೆ, ಅಗ್ನಿಶಾಮಕ ದಳದ ವರದಿ, ಎರಡರ ಪ್ರತಿಯೂ ಬೇಕು. ವಿಮೆಯವರು ಕೇಳುತ್ತಾರೆ. ಸೊಸೈಟಿಯ ವಿಮೆ ಇದೆಯಲ್ಲ ಎಂದು ನಂಬಿ ಕೂರಬೇಡಿ. ಅದು ಸಾಮಾನ್ಯವಾಗಿ ಕಟ್ಟಡದ ಗೋಡೆಗೆ, ನಿಮ್ಮ ಕಪಾಟು ಫ್ರಿಜ್ಜಿಗೆ ಅಲ್ಲ. ಮಸಿಯನ್ನು ಒದ್ದೆ ಬಟ್ಟೆಯಿಂದ ಒರೆಸಲು ಹೋದರೆ ಗೋಡೆಗೆಲ್ಲ ಬಳಿದುಕೊಳ್ಳುತ್ತದೆ, ಮೊದಲು ಒಣದಾಗಿಯೇ ತೆಗೆಯಬೇಕು. ಹೊಗೆ ತಾಗಿದ ಅಕ್ಕಿ, ಬೇಳೆ, ಔಷಧಿ ಎಸೆಯಬೇಕು. ವಹಿನಿ ಅತ್ತದ್ದು ಸುಟ್ಟ ಮಂಚಕ್ಕಲ್ಲ, ವರ್ಷದ ಗೋಧಿಯನ್ನು ಕಸದ ಗಾಡಿಗೆ ಹಾಕುವಾಗ.

ಅವರ ಕಪಾಟಿನಲ್ಲಿ ಅಂಚು ಕರಕಲಾಗಿ ಪುಡಿಯಾಗುತ್ತಿದ್ದ ನೋಟುಗಳ ಕಟ್ಟು ಸಿಕ್ಕಿತು. ಬ್ಯಾಂಕಿನವರು ತೆಗೆದುಕೊಳ್ಳಲಿಲ್ಲ. ಅವರದು ತಪ್ಪಲ್ಲ. ತೀರಾ ಸುಟ್ಟ ನೋಟುಗಳನ್ನು ರಿಸರ್ವ್ ಬ್ಯಾಂಕಿನ ಇಶ್ಯೂ ಆಫೀಸಿಗೇ ಒಯ್ಯಬೇಕು, ಅಲ್ಲಿ ಪರೀಕ್ಷಿಸಿ ತೀರ್ಮಾನಿಸುತ್ತಾರೆ. ನೋಟುಗಳನ್ನು ಬಿಡಿಸದೆ, ಸಿಕ್ಕಿದ ಹಾಗೇ ಡಬ್ಬದಲ್ಲಿಟ್ಟು ಒಯ್ಯಬೇಕು. ಮಕ್ಕಳ ಮಾರ್ಕ್ಸ್‌ಕಾರ್ಡು, ಆಧಾರ್, ಮನೆಯ ಅಗ್ರಿಮೆಂಟು ಇವುಗಳ ಫೋಟೊ ತೆಗೆದು ಊರಲ್ಲಿರುವ ತಂಗಿಯ ಫೋನಿಗೆ ಕಳಿಸಿಡಿ. ಸರ್ಕಾರದ ಡಿಜಿಲಾಕರ್ ಆ್ಯಪ್ ಬಳಸಲು ಬರುವವರು ಅದರಲ್ಲೂ ಇಡಲಿ. ಆಗ ‘ಕಾಗದ ಒಳಗಿದೆ’ ಎಂದು ಯಾರೂ ವಾಪಸ್ ಓಡುವುದಿಲ್ಲ.

ಏಪ್ರಿಲ್ 14 ದೇಶದಲ್ಲೆಲ್ಲ ಅಗ್ನಿಶಾಮಕ ದಿನ. ಅದು ನಮ್ಮ ಮುಂಬಯಿಯದೇ ದಿನ. 1944ರಲ್ಲಿ ವಿಕ್ಟೋರಿಯಾ ಡಾಕ್‌ನಲ್ಲಿ ನಿಂತಿದ್ದ ಫೋರ್ಟ್ ಸ್ಟಿಕೀನ್ ಎಂಬ ಹಡಗಿನಲ್ಲಿ ಹತ್ತಿಯ ಮೂಟೆ, ಅದರ ಜೊತೆಗೇ ಸ್ಫೋಟಕ. ಮಧ್ಯಾಹ್ನ ಹೊಗೆ ಕಂಡಿತು. ನಾಲ್ಕು ಗಂಟೆ ದಾಟುತ್ತಲೇ ಹಡಗು ಸಿಡಿಯಿತು. ನೀರು ಹೊಯ್ಯುತ್ತಾ ನಿಂತಿದ್ದ ಬಂಬ್‌ವಾಲಾಗಳಲ್ಲಿ 66 ಜನ ಹೋದರು. ನಮ್ಮ ಮಾವ ಆಗ ಹದಿನಾಲ್ಕರ ಹುಡುಗ, ಕೋಟೆ ಕಡೆಯ ಹೋಟೆಲಿನಲ್ಲಿ ಕಪ್-ಬಸಿ ತೊಳೆಯುತ್ತಿದ್ದರು. ಕೈಯಲ್ಲಿದ್ದ ಬಸಿ ತಾನಾಗಿ ಒಡೆಯಿತು ಎಂದು ಸಾಯುವವರೆಗೂ ಹೇಳುತ್ತಿದ್ದರು. ಬಂಬ್ ಗಂಟೆ ಕೇಳಿದರೆ ಎಲ್ಲಿದ್ದರೂ ಎದ್ದು ನಿಲ್ಲುತ್ತಿದ್ದರು.

ನಮ್ಮ ಗಲ್ಲಿಯಲ್ಲಿ ಆ ರಾತ್ರಿ ಬಂಬ್ ಗಾಡಿ ತಿರುವಿನಲ್ಲೇ ಸಿಕ್ಕಿಬಿತ್ತು. ಎರಡೂ ಬದಿ ಕಾರು. ಕಾವಲುಗಾರ ಒಬ್ಬೊಬ್ಬರ ಬೆಲ್ ಒತ್ತಿ ಕಾರು ತೆಗೆಸಿದ. ಈಗ ಸೊಸೈಟಿಯಲ್ಲಿ ಆ ತಿರುವಿಗೆ ಹಳದಿ ಬಣ್ಣ ಬಳಿಸಿದ್ದೇವೆ. ಬೆಂಕಿ ಆರಿಸುವ ಸಾಧನ ಸರಿಯಿದೆ ಎಂಬ ಸರ್ಟಿಫಿಕೇಟನ್ನು ಜನವರಿಯಲ್ಲಿ, ಜುಲೈಯಲ್ಲಿ ಕೊಡಬೇಕೆಂದು ಮಹಾರಾಷ್ಟ್ರದ 2006ರ ಕಾಯ್ದೆ ಹೇಳುತ್ತದೆ. ಅದನ್ನೂ ಮೀಟಿಂಗಿನಲ್ಲಿ ಕೇಳಲು ಶುರುಮಾಡಿದ್ದೇವೆ.

ಮೆಟ್ಟಿಲಿನ ಚಪ್ಪಲಿ ಕಪಾಟುಗಳೂ ಒಂದೊಂದಾಗಿ ಒಳಗೆ ಹೋದವು. ಮೂರನೇ ಮಾಳಿಗೆಯದು ಮಾತ್ರ ಇನ್ನೂ ಅಲ್ಲೇ ಇದೆ. ಅದರ ಮೇಲೆ ಈಗ ಒಂದು ಮನಿಪ್ಲಾಂಟೂ ಬಂದಿದೆ. ಎರಡು ಸಲ ಹೋಗಿ ಹೇಳಿದ್ದೇನೆ. ಇಬ್ಬರೂ ಚಹಾ ಕುಡಿದೆವು, ಕಪಾಟು ಅಲುಗಲಿಲ್ಲ. ಈ ಭಾನುವಾರ ಮತ್ತೆ ಹೋಗುತ್ತೇನೆ. ಈ ಸಲ ಅತ್ತೆಯನ್ನೂ ಕರೆದುಕೊಂಡು.

ನಮಸ್ಕಾರ.