ಗಂಜ್‌ನಾಗ ಒಂದು ಚೀಲ ತೊಗರಿ, ಮೂರು ಥರದ ವ್ಯವಹಾರ

ನಮಸ್ಕಾರ್ರಿ ಎಲ್ಲಾರಿಗೂ. ಕಲಬುರಗಿ ಗಂಜ್ ಇದು, ಕಾಳು-ಕಡಿ ಮಾರೋ ಪ್ಯಾಟಿ. ಚೀಲ ಇಳಸೋದು, ಬಾಯಿ ಬಿಚ್ಚೋದು, ಅಂಗೈಯಾಗ ಕಾಳು ಹಿಡ್ದು ನೋಡೋದು, ಅದೆಲ್ಲಾ ಸ್ಕ್ರೀನ್ ಮ್ಯಾಲೇ ಅದ, ನಾ ಬಿಡಿಸಿ ಹೇಳಂಗಿಲ್ಲ. ಕ್ಯಾಮೆರಾಕ್ಕ ಕಾಣದ್ದು ಹೇಳ್ತೀನಿ. ಆ ರಾಶಿ ನೋಡ್ರಿ, ಒಂದಿಂಚೂ ಸರದಿಲ್ಲ. ಆದ್ರ ಟೆಂಡರ್ ಬಿತ್ತು, ರೈತ ಹೂಂ ಅಂದ, ವ್ಯವಹಾರ ಆಗೇ ಹೋತು. ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದಾಗ ಜಾನ್ ಆರ್. ಕಾಮನ್ಸ್ ಅಂತ ಪ್ರೊಫೆಸರ್ ಇದ್ರು. 1934ರ ತಮ್ಮ ದಪ್ಪ ಪುಸ್ತಕದಾಗ ಇದನ್ನೇ ಹಟ ಹಿಡ್ದು ಹೇಳ್ಯಾರ: ಅರ್ಥಶಾಸ್ತ್ರದ ಮೂಲ ಅಳತಿ ವ್ಯವಹಾರ, ಅದರಾಗ ಕೈ ಬದಲಾಗೋದು ಮಾಲಕಿ ಹಕ್ಕು. ಒಪ್ಪಿದ ಕೂಡ್ಲೇ ಎರಡು ಬಾಕಿ ಹುಟ್ತಾವ. ರೈತಂದು ಮಾಲು ಕೊಡೋ ಬಾಕಿ, ಖರೀದಿದಾರಂದು ರೊಕ್ಕ ಕೊಡೋ ಬಾಕಿ. ಮೊದಲ್ನೇದು ಕಾಟಾ ಮ್ಯಾಲೆ ತೀರ್ತದ. ಎರಡನೇದು ಯಾವಾಗ ತೀರ್ತದ ಅಂತ ಕಾಮೆಂಟ್‌ನಾಗ ನೀವೇ ಬರೀರಿ.

ಈ ಫ್ರೇಮ್‌ನಾಗ ಇಬ್ರೇ ಕಾಣ್ತಾರ, ಕಾಮನ್ಸ್ ಲೆಕ್ಕಕ್ಕ ಐದು ಮಂದಿ ಬೇಕು. ತಿಳೀಲಿ ಅಂತ ಅಂಕಿ ಹಾಕ್ತೀನಿ, ಇವತ್ತಿನ ದರ ಅಲ್ರಿ ಇದು. ಒಬ್ಬ ಖರೀದಿದಾರ ಕ್ವಿಂಟಲ್‌ಗೆ 8000 ಅಂತಾನ, ಇನ್ನೊಬ್ಬ 7900. ಒಬ್ಬ ರೈತ 8100 ಕೇಳ್ತಾನ, ಬಾಜೂದಾಂವ 8200. ರೈತ 8200 ದಾಟಿದ್ರ ಗಿರಾಕಿ ಬಾಜೂ ರಾಶಿಗೆ ಹೋಗ್ತಾನ. ಖರೀದಿದಾರ 7900ರ ಕೆಳಗ ಇಳದ್ರ ರೈತ ಎರಡನೇಯಾಂವಗ ಕೊಡ್ತಾನ. ಜಗ್ಗಾಟ ಏನಿದ್ರೂ ಈ 300 ರೂಪಾಯಿ ನಡುವ. ಐದನೇಯಾಂವ ತಂಟೆ ಬಂದ್ರ ತೀರ್ಪು ಕೊಡಾಂವ. ಅಂವ ಎದುರಿಗೆ ಇರಬೇಕಂತಿಲ್ಲ, ಅದಾನ ಅನ್ನೋ ಅಂಜಿಕೆ ಇದ್ರ ಸಾಕು. ಆದ್ರ ಬೀಜ, ಗೊಬ್ಬರಕ್ಕ ಅಡತಿ (ಮಾಲು ಮಾರಿಸಿಕೊಡೋ ದಲಾಲಿ) ಅಂಗಡ್ಯಾಗ ಮುಂಗಡ ತಗೊಂಡ ರೈತ ಬ್ಯಾರೆ ಅಂಗಡಿಗೆ ಮಾಲು ಹಾಕಂಗಿಲ್ಲ, ದರ ಬಿದ್ದದ ಅಂತ ವಾಪಸ್ ಒಯ್ಯಂಗೂ ಇಲ್ಲ. ಅಂವಗ ಆ 7900ರ ತಳಾನೂ ಗಟ್ಟಿ ಇಲ್ಲ. ಕಾನೂನಿನ್ಯಾಗ ಇಬ್ರೂ ಸಮ, ರೊಕ್ಕದಾಗ ಅಲ್ಲ.

ಹಾಂ, ಕಾಟಾ ಬಂತು. ಇಲ್ಲಿ ನಿಲ್ರಿ, ನಂಗ ಸಿಟ್ಟು ಬರೋ ಜಾಗ ಇದು. ಸರ್ಕಾರಿ ಧಾನ್ಯ ತುಂಬೋ 50 ಕೆಜಿ ಸೆಣಬಿನ ಚೀಲಕ್ಕ ಮಾನದಂಡದ ತೂಕ 580 ಗ್ರಾಂ. ಒಟ್ಟು ತೂಕದಾಗ ಚೀಲದ ತೂಕ ಅಂತ ಸೀದಾ ಒಂದು ಕೆಜಿ ಕಡಿದ್ರ ಏನಾಗ್ತದ? ಚೀಲಕ್ಕ 420 ಗ್ರಾಂ ಹೋತು. 20 ಚೀಲಕ್ಕ 8.4 ಕೆಜಿ. ಕ್ವಿಂಟಲ್‌ಗೆ 8000 ಹಿಡದ್ರ 672 ರೂಪಾಯಿ. ರೈತಗ ಕೊಡೋ ಲೆಕ್ಕದ ಪಟ್ಟಿ ಮ್ಯಾಲೆ ಈ 672 ಎಲ್ಲೂ ಬರಂಗಿಲ್ಲ. ದಲಾಲಿ ಆದ್ರ ಒಂದು ಸಾಲಾಗಿ ಕಾಣ್ತದ, ಜಗಳ ಮಾಡಬೌದು. ಇದು ತೂಕದಾಗೇ ಕರಗಿ ಹೋಗ್ತದ. ತೂಗೋ ಮೊದಲು ಖಾಲಿ ಚೀಲ ಹತ್ತು ಒಟ್ಟಿಗೆ ಕಾಟಾ ಮ್ಯಾಲೆ ಇಡ್ರಿ, ಬಂದಿದ್ದನ್ನ ಹತ್ತರಿಂದ ಭಾಗಿಸ್ರಿ. ಒಂದೇ ಚೀಲ ಇಟ್ರ 50 ಗ್ರಾಂ ಹಂತದ ಕಾಟಾ ಸರಿ ತೋರ್ಸಂಗಿಲ್ಲ. ತುಂಬಿದ ಚೀಲದ ಮೂಲಿ ನೆಲಕ್ಕ ತಾಗಿರಬಾರ್ದು, ತಾಗಿದ್ರ ತೂಕ ಕಮ್ಮಿ ಬರ್ತದ. ಸೊನ್ನೆ ಕಂಡಮ್ಯಾಲೇ ಚೀಲ ಇಡ್ಲಾಕ ಬಿಡ್ರಿ.

ಮಾಲು ಒಣಗಿ ತೂಕ ಇಳೀತದ ಅನ್ನೋ ಖರೀದಿದಾರನ ಮಾತೂ ಪೂರಾ ಸುಳ್ಳಲ್ಲ ಅನ್ರಿ. 14 ಪರ್ಸೆಂಟ್ ತೇವ ಇರೋ ತೊಗರಿ 12ಕ್ಕ ಒಣಗಿದ್ರ ಕ್ವಿಂಟಲ್ ಅನ್ನೋದು 97.7 ಕೆಜಿ ಉಳೀತದ. ಎರಡು ಕೆಜಿ ಮ್ಯಾಲೆ ಅಂವಂದೇ ಲುಕ್ಸಾನ್. ಹಂಗಾದ್ರ ಮಾಯಿಶ್ಚರ್ ಮೀಟರ್ ಹಚ್ಚಿ ದರದಾಗ ಕಡೀಲಿ. ಚೀಲದ ಹೆಸರ್ಲೆ ಯಾಕ? "ಮೊದಲಿಂದ ಹಿಂಗೇ ನಡಕೊಂಡು ಬಂದದ್ರಿ" ಅಂತಾರ. ಕಾಮನ್ಸ್‌ಗ ಬೇಕಾದ ಮಾತೇ ಅದು. ರೂಢಿ ಮ್ಯಾಲೆ ತಂಟೆ ಆಗಿ, ಅಧಿಕಾರ ಇದ್ದಾಂವ ಇದು ಸರಿ, ಇದು ತಪ್ಪು ಅಂತ ಆರಿಸಿದಾಗ ಅದು ನಿಯಮ ಆಗ್ತದ. ಯಾರೂ ತಕರಾರ್ ಮಾಡ್ಲಿಲ್ಲಂದ್ರ ರೂಢಿನೇ ಕಾನೂನು.

ಶಾಟ್ ಮುಗೀಲಾಕತ್ತದ, ಲಗು ಹೇಳ್ತೀನಿ. ಕಾಮನ್ಸ್ ವ್ಯವಹಾರನ ಮೂರು ಥರ ಮಾಡ್ಯಾರ. ಮೊದಲ್ನೇದು ಕಾನೂನಿನ್ಯಾಗ ಸಮಾನರ ನಡುವಿನ ಚೌಕಾಸಿ, ಈಗ ನೋಡಿದ್ದು. ಎರಡನೇದು ಹುಕುಂ, ಬ್ಯಾಳಿ ಮಿಲ್ಲಿನ ಮೇಸ್ತ್ರಿ ಹೇಳ್ತಾನ, ಆಳು ಮಾಡ್ತಾನ. ಮೂರನೇದು ಮ್ಯಾಲಿನವ್ರು ಕೂತು ಹಂಚೋದು: ತೆರಿಗೆ, ಬೆಂಬಲ ಬೆಲೆ. 2025-26ಕ್ಕ ತೊಗರಿಗೆ 8000 ಅಂತ ದಿಲ್ಲ್ಯಾಗ ಬರದ್ರು, ರೈತ ಅಲ್ಲಿ ಚೌಕಾಸಿ ಮಾಡಂಗಿಲ್ಲ. ಹಮಾಲಿ ಯಾವುದರಾಗ ಬರ್ತದ ಹೇಳ್ರಿ? ಎತ್ತು, ಇಡು ಅನ್ನೋದು ಹುಕುಂ. ಚೀಲಕ್ಕ ಇಷ್ಟು ಅಂತ ದರ ಕಟ್ಟೋದು ಹಂಚಿಕೆ. ಆ ದರ ಏರಿಸ್ರಿ ಅಂತ ಸಂಘದವ್ರು ಕೂಡೋದು ಚೌಕಾಸಿ. ಪುಸ್ತಕದಾಗಿನ ಮೂರು ಡಬ್ಬಿ ಗಂಜ್‌ನಾಗ ಒಬ್ನ ಬೆನ್ನ ಮ್ಯಾಲೇ ಇರ್ತಾವ.

ಮತ್ತ ವ್ಯವಹಾರದ ಖರ್ಚಿನ ಬಗ್ಗೆ ಬರದ ಅರ್ಥಶಾಸ್ತ್ರಜ್ಞರು ಕೋಸ್, ವಿಲಿಯಮ್ಸನ್ ಅವ್ರನ್ನ ಯಾಕ ಬಿಟ್ಟ್ರಿ ಅಂತೀರಿ. 1937ರಾಗ ರೊನಾಲ್ಡ್ ಕೋಸ್ ಕೇಳಿದ್ದು ಇಷ್ಟೇ, ಪ್ಯಾಟಿ ಬಳಸೋಕೇ ಖರ್ಚಾಗ್ತದಲ್ಲ, ದರ ಹುಡ್ಕೋದು, ಕರಾರು ಮಾಡೋದು? ಆಲಿವರ್ ವಿಲಿಯಮ್ಸನ್ ಅದನ್ನ ಬೆಳಸಿದ್ರು, 2009ರಾಗ ನೊಬೆಲ್ ಬಂತು. ಮಿಲ್ಲಿನಾಂವ ಗಂಜ್ ಬಿಟ್ಟು ಸೀದಾ ಹಳ್ಳಿಗೆ ಹೋಗಿ ಯಾಕ ತೊಗರಿ ಕೊಳ್ತಾನ ಅನ್ನೋದಕ್ಕ ಇವ್ರ ಲೆಕ್ಕನೇ ಚಲೋ. ಆದ್ರ ಆ 420 ಗ್ರಾಂ ಯಾರ ಪಾಲಿಗೆ ಅನ್ನೋದು ಖರ್ಚಿನ ಲೆಕ್ಕಕ್ಕ ಸಿಗಂಗಿಲ್ಲ, ಅದಕ್ಕ ಕಾಮನ್ಸೇ ಬೇಕು. ಲಾರಿ ಬಂತು, ಸರೀರಿ ಅಂತ ಕೂಗ್ಲಾಕತ್ತಾರ. ಮುಂದಿನ ವಿಡಿಯೋ ಬ್ಯಾಳಿ ಮಿಲ್ಲಿಂದು, ಅಲ್ಲಿ ಪಟ್ಟಿ ತಗದು ಒಂದೊಂದೇ ಸಾಲು ಓದೋಣ.